ಚಾನಲ್ ನಿಂತಾಗ ತೆಗೆದ ಪಾಯ

ನಮ್ಮ ಮನೆಯ ಸಾಲ ತೀರಬೇಕಾಗಿದ್ದದ್ದು ಇಪ್ಪತ್ತು ವರ್ಷಕ್ಕೆ. ನಾವು ಹನ್ನೊಂದಕ್ಕೇ ತೀರಿಸಿದೆವು. ಕೇಳಿದವರೆಲ್ಲ ಭೇಷ್ ಎನ್ನುತ್ತಾರೆ. ಆ ಭೇಷ್ ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ನಗುತ್ತಾ ತಲೆಯಾಡಿಸಿ ಒಳಗೆ ಹೋಗುತ್ತೇನೆ.

ನಮ್ಮ ಸೈಟು ಭದ್ರಾವತಿಯ ಜನ್ನಾಪುರದ ಆಚೆ, ಗದ್ದೆ ಒಡೆದು ಮಾಡಿದ ಲೇಔಟಿನಲ್ಲಿ. ಬೀದಿಯ ಕೊನೆಗೆ ಹೋಗಿ ನಿಂತರೆ ಭದ್ರಾ ಚಾನಲ್, ಗದ್ದೆಗಳಿಗೆ ನೀರು ಕೊಡುವ ನಾಲೆ. ಅದರಾಚೆ ಈಗಲೂ ಭತ್ತ ಬೆಳೆಯುತ್ತಾರೆ. ಈ ಕಡೆ ಮನೆ ಕಟ್ಟುವವರದೆಲ್ಲ ಒಂದೇ ಲೆಕ್ಕ. ಕೊಯ್ಲು ಮುಗಿದು ಚಾನಲ್ ನಿಲ್ಲಿಸಿದ ಮೇಲೆ ಪಾಯ ತೆಗೆಯುವುದು. ಆಗ ಜಲ್ಲಿ ಲಾರಿ ಹೂತುಕೊಳ್ಳುವುದಿಲ್ಲ, ಗುಂಡಿಯಲ್ಲಿ ನೀರು ಜಿನುಗುವುದಿಲ್ಲ, ಕೆಲಸ ಸಲೀಸು. ನಾವೂ ಹಾಗೇ ಮಾಡಿದೆವು. ಪಿಕಾಸಿ ಹೊಡೆದರೆ ಠಣ್ ಎನ್ನುವಷ್ಟು ಮಣ್ಣು ಗಟ್ಟಿಯಾಗಿತ್ತು.

"ಬಂಡೆ ಇದ್ದಂಗಿದೆ ಅಮ್ಮಾ. ಇನ್ನೂ ಆಳ ಹೋದ್ರೆ ನಿಮ್ ದುಡ್ಡೇ ದಂಡ" ಎಂದ ಮೇಸ್ತ್ರಿ.

ನನ್ನ ಗಂಡನಿಗೆ ಆ ಮಾತು ಹಾಲು ಕುಡಿದಷ್ಟು ಹಿತವಾಯಿತು. ಪಾಯಕ್ಕೆಂದು ತೆಗೆದಿಟ್ಟ ದುಡ್ಡಿನಲ್ಲಿ ಒಂದಿಷ್ಟು ಉಳಿಯಿತು. ಮನೆ ಎದ್ದು, ಹಾಲುಕ್ಕಿಸಿ, ಕಂತು ಶುರುವಾದ ತಿಂಗಳೇ ಅದನ್ನು ತೆಗೆದುಕೊಂಡು ಹೋಗಿ ಸಾಲದ ಖಾತೆಗೆ ಕಟ್ಟಿ ಬಂದರು. ಕಂತಿನ ಮೇಲೆ ನಾವು ಕಟ್ಟಿದ ಮೊದಲ ಹೆಚ್ಚುವರಿ ಹಣ ಅದು. ಬೇಸಿಗೆಯ ಗದ್ದೆ ಬಾಯಿ ಬಿಡುವುದನ್ನು, ನೀರು ಹಾಯಿಸಿದರೆ ಉಬ್ಬಿ ಮುಚ್ಚಿಕೊಳ್ಳುವುದನ್ನು ಚಿಕ್ಕಂದಿನಿಂದ ನೋಡುತ್ತಲೇ ಬೆಳೆದವರು ನಾವಿಬ್ಬರೂ. ನಮ್ಮ ಮನೆ ಕೂತಿರುವುದೂ ಅದೇ ಗದ್ದೆಯ ಮೇಲೆ ಎನ್ನುವುದು ಯಾಕೋ ಇಬ್ಬರ ತಲೆಗೂ ಹೋಗಲಿಲ್ಲ.

ಅವರ ಸಾಲದ ಭಯಕ್ಕೆ ಕಾರಣವಿತ್ತು. ಅವರು ಹುಟ್ಟಿ ಬೆಳೆದದ್ದು ಭದ್ರಾವತಿಯ ಕಾರ್ಖಾನೆಯೊಂದರ ಕ್ವಾರ್ಟರ್ಸಿನಲ್ಲಿ. ಮಾವನ ಕೆಲಸ ಹೋದ ಮೇಲೆ ಮೂವತ್ತು ವರ್ಷ ಬಾಳಿದ ಮನೆಯನ್ನು ಬಿಡಬೇಕಾಯಿತು. ಅಂಗಳದಲ್ಲಿ ಅತ್ತೆ ನೆಟ್ಟ ನುಗ್ಗೆಮರ ಆ ವರ್ಷ ಮೈತುಂಬ ಕಾಯಿ ಬಿಟ್ಟಿತ್ತಂತೆ. ಕೀಳುವಷ್ಟು ಪುರುಸೊತ್ತೂ ಸಿಗಲಿಲ್ಲವಂತೆ. ಆ ಕಥೆಯನ್ನು ನಾನು ಮದುವೆಯಾದ ವಾರದಿಂದ ಕೇಳುತ್ತಿದ್ದೇನೆ.

"ಸಾಲ ಇರೋ ಮನೆನೂ ಕ್ವಾರ್ಟರ್ಸೇ ಮಾರಾಯ್ತಿ. ಇವತ್ತು ಇರು ಅಂತಾರೆ, ನಾಳೆ ಎದ್ದೇಳು ಅಂತಾರೆ" ಎನ್ನುತ್ತಿದ್ದರು.

ಹೆಚ್ಚಿಗೆ ಕಟ್ಟಲು ಹೋದಾಗಲೆಲ್ಲ ಬ್ಯಾಂಕಿನ ಹುಡುಗಿ ಒಂದೇ ಪ್ರಶ್ನೆ ಕೇಳುತ್ತಿದ್ದಳು. "ಕಂತು ಕಮ್ಮಿ ಮಾಡ್ಲಾ ಸಾರ್, ವರ್ಷ ಕಮ್ಮಿ ಮಾಡ್ಲಾ?" ಇವರು ಆಕೆಯ ಮಾತು ಮುಗಿಯುವ ಮೊದಲೇ "ವರ್ಷ" ಎನ್ನುತ್ತಿದ್ದರು. ಹೊರಗೆ ಬಂದು ಬೈಕು ಒದೆಯುತ್ತಾ "ನಾಲ್ಕು ತಿಂಗಳು ಸತ್ತವು" ಎನ್ನುವರು. ಒಮ್ಮೊಮ್ಮೆ ಆರು ತಿಂಗಳು ಸಾಯುತ್ತಿದ್ದವು. ಅವರ ಮುಖದಲ್ಲಿ ಆಗ ಕಾಣುತ್ತಿದ್ದ ಕಳೆ ನನ್ನ ಮಗಳು ಹುಟ್ಟಿದ ದಿನವೂ ಇರಲಿಲ್ಲ. ಹಾಗೆಂದು ಹೇಳಿದರೆ ಸಿಟ್ಟು ಬರುತ್ತಿತ್ತು. ನಿಜ ಹೇಳಬೇಕೆಂದರೆ ಸ್ವಲ್ಪ ದಿನದಲ್ಲಿ ನನಗೂ ಅದರ ರುಚಿ ಹತ್ತಿತು.

ನಾನು ಶಿವಮೊಗ್ಗದ ಒಂದು ಖಾಸಗಿ ಶಾಲೆಯಲ್ಲಿ ಟೀಚರ್. ದಿನಾ ಬಸ್ಸು. ಬಸ್‌ಸ್ಟ್ಯಾಂಡಿನಿಂದ ಶಾಲೆಗೆ ಆಟೋ ಹತ್ತುವುದನ್ನು ಬಿಟ್ಟೆ. ಭಾನುವಾರದ ಮೀನು ತಿಂಗಳಿಗೊಮ್ಮೆ ಆಯಿತು, ಆಮೇಲೆ ಹಬ್ಬಕ್ಕೊಮ್ಮೆ ಆಯಿತು. ಮಗಳ ಟ್ಯೂಷನ್ ನಿಲ್ಲಿಸಿ ನಾನೇ ಹೇಳಿಕೊಟ್ಟೆ. ಅವಳ ಗಣಿತವೂ ಕೆಟ್ಟಿತು, ನಮ್ಮಿಬ್ಬರ ಮಾತುಕತೆಯೂ ಕೆಟ್ಟಿತು. ಅತ್ತೆಗೆ ಕಣ್ಣಿನ ಪೊರೆ ಬಂದಿತ್ತು. "ಲೋನ್ ಮುಗೀಲಿ ಬಿಡೋ, ನನಗೇನು ಪೇಪರ್ ಓದೋದಿದ್ಯಾ" ಎಂದು ಅವರೇ ಆಪರೇಷನ್ ಮುಂದೂಡಿದರು. ಗಂಡ ಕೆಲಸ ಮಾಡುವ ಫೌಂಡ್ರಿಯಲ್ಲಿ ಆರ್ಡರ್ ಕಡಿಮೆಯಾಗಿ ಒಂದು ವರ್ಷವಿಡೀ ಅರ್ಧ ಸಂಬಳ. ಆ ವರ್ಷವೂ ಹೆಚ್ಚುವರಿ ನಿಲ್ಲಲಿಲ್ಲ. ರಜೆಯ ದಿನ ಗುಜರಿಯವರ ಲಾರಿಗೆ ಕಬ್ಬಿಣ ತುಂಬಲು ಹೋಗುತ್ತಿದ್ದರು. ಮನೆಗೆ ಬಂದಾಗ ಅಂಗೈ ಸುಲಿದಿರುತ್ತಿತ್ತು.

ಬಿರುಕು ಬಂದದ್ದು ಎರಡನೆಯ ವರ್ಷ. ಹಿಂದುಗಡೆ ಇರುವ ಮಗಳ ಕೋಣೆಯ ಕಿಟಕಿಯ ಮೂಲೆಯಿಂದ ಕೆಳಕ್ಕೆ, ಪೆನ್ಸಿಲ್ಲಿನಲ್ಲಿ ಎಳೆದಷ್ಟು ಸಣ್ಣದು.

"ಹೊಸ ಗೋಡೆ, ಗಾರೆ ಒಣಗೋವಾಗ ಬಿಡ್ತದೆ" ಎಂದರು ಗಂಡ. ಪುಟ್ಟಿ ಮೆತ್ತಿ ಬಣ್ಣ ಬಳಿದರು.

ಫೌಂಡ್ರಿಯಲ್ಲಿ ಅವರ ಕೆಲಸವೇ ಎರಕ ಹೊಯ್ದ ಸಾಮಾನು ಪರೀಕ್ಷಿಸುವುದು. ಕೂದಲೆಳೆಯಷ್ಟು ಬಿರುಕಿದ್ದರೂ ತೆಗೆದು ಪಕ್ಕಕ್ಕೆ ಎಸೆಯುತ್ತಾರೆ. ಯಾರು ಬಂದು ಕೈಮುಗಿದರೂ ಪಾಸು ಮಾಡುವುದಿಲ್ಲ ಎಂದು ಹೆಸರು. "ನಿಮ್ಮ ಕಂಪನಿಯವರು ಪುಣ್ಯವಂತರು. ನಮ್ಮ ಮನೆಗೂ ನಿಮ್ಮಂಥವರೊಬ್ಬರು ಇರಬೇಕಿತ್ತು ನೋಡಿ" ಎಂದು ಕೆಣಕಿದೆ. ನಕ್ಕರು. ಆಗ ಇಬ್ಬರಿಗೂ ನಗು ಬರುತ್ತಿತ್ತು.

ಚಾನಲ್‌ಗೆ ನೀರು ಬಿಟ್ಟಾಗ ಬಿರುಕು ಮುಚ್ಚಿಕೊಳ್ಳುತ್ತಿತ್ತು. ಚಾನಲ್ ನಿಂತು ನೆಲ ಒಣಗಿದಾಗ ಮತ್ತೆ ತೆರೆಯುತ್ತಿತ್ತು. ಮುಚ್ಚಿದಾಗ ಅವರು "ನೋಡ್ದ್ಯಾ" ಎನ್ನುವರು. ತೆರೆದಾಗ ಪುಟ್ಟಿ ಡಬ್ಬ ಹುಡುಕುವರು. ಆದರೆ ಪ್ರತಿ ಸಲ ತುಸು ಹೆಚ್ಚು ತೆರೆಯುತ್ತಿತ್ತು, ತುಸು ಕಡಿಮೆ ಮುಚ್ಚುತ್ತಿತ್ತು. ಮಗಳು ಅದರ ಮೇಲೆ ಒಂದು ಕ್ಯಾಲೆಂಡರ್ ತೂಗುಹಾಕಿದಳು. ಕ್ಯಾಲೆಂಡರಿನ ಕೆಳಗಿನಿಂದ ಅದು ಹೊರಬಂತು. ಒಳಗೆ ಇರುವೆ ಗೂಡು ಕಟ್ಟಿದವು. ಕೊನೆಗೆ ಹನ್ನೊಂದನೆಯ ವರ್ಷ ಒಂದು ಸಂಜೆ ಕಸ ಗುಡಿಸುತ್ತಾ ಬಗ್ಗಿದವಳಿಗೆ ಗೋಡೆಯೊಳಗಿಂದ ಪಕ್ಕದ ಸೈಟಿನ ಬೆಳಕು ಕಂಡಿತು. ನಾನು ಪೊರಕೆ ಹಿಡಿದುಕೊಂಡೇ ಅಲ್ಲಿ ಕೂತೆ. ಹೆದರಿಕೆಯಾಯಿತು. ಮಗಳ ದಿಂಬು ಆ ಗೋಡೆಗೇ ತಾಗಿಕೊಂಡಿತ್ತು. ಮಂಚವನ್ನು ಒಂದಿಷ್ಟು ಈಚೆಗೆಳೆದು ಸಮಾಧಾನ ಮಾಡಿಕೊಂಡೆ.

ಅದೇ ವರ್ಷ ನೀರು ಬಿಟ್ಟ ಮೇಲೆ ಬಚ್ಚಲ ಬಾಗಿಲು ಕಚ್ಚತೊಡಗಿತು. ಮೊದಲು ಒದ್ದು ಹಾಕುತ್ತಿದ್ದೆವು, ಒದ್ದು ತೆಗೆಯುತ್ತಿದ್ದೆವು. ಒಂದು ಬೆಳಿಗ್ಗೆ ಗಂಡ ಶಿಫ್ಟಿಗೆ ಹೋಗಿದ್ದಾಗ ಅತ್ತೆ ಸ್ನಾನಕ್ಕೆ ಹೋದವರು ಬಾಗಿಲು ತೆಗೆಯಲಾಗದೆ ಒಳಗೇ ಸಿಕ್ಕಿಕೊಂಡರು. ನಾನೂ ಮಗಳೂ ಹೊರಗಿಂದ ತಳ್ಳಿದೆವು. ಅಲ್ಲಾಡಲಿಲ್ಲ. ಒಳಗೆ ಸೌದೆ ಒಲೆ, ಹಂಡೆ, ಹೊಗೆ. ಅತ್ತೆ ಮೊದಲು ಕೂಗಿದರು, ಆಮೇಲೆ ಕೆಮ್ಮಿದರು, ಆಮೇಲೆ ಕೆಮ್ಮೂ ನಿಂತಿತು. ಹಿತ್ತಲಲ್ಲಿದ್ದ ಹಾರೆ ತಂದು ಚೌಕಟ್ಟಿಗೇ ಹೊಡೆದೆ. ಚೌಕಟ್ಟಿನ ಜೊತೆಗೆ ಗೋಡೆಯ ಎರಡು ಇಟ್ಟಿಗೆಯೂ ಕಿತ್ತುಬಂದವು. ಹೊರಗೆಳೆದು ನೀರು ಕುಡಿಸಿದ ಮೇಲೆ ಅತ್ತೆ ಕಣ್ಣು ಬಿಟ್ಟರು.

ಸಂಜೆ ಮಗನಿಗೆ ಅವರು ಹೊಗೆಯ ಮಾತು ಆಡಲೇ ಇಲ್ಲ. "ಒಳಗೆ ಕೂತಿದ್ನಲ್ಲ, ಗೋಡೆ ಕಿರ್ ಕಿರ್ ಅಂತಿತ್ತು ಕಣೋ" ಎಂದರು.

ಮರುದಿನವೇ ಮೇಸ್ತ್ರಿಯನ್ನು ಕರೆಸಿದೆ. ಹಳೆಯ ಮೇಸ್ತ್ರಿ ಊರು ಬಿಟ್ಟಿದ್ದ, ಇವನು ಬೇರೆಯವನು. ಪಾಯದ ಪಕ್ಕ ಗುಂಡಿ ತೋಡಿಸಿ ನೋಡಿ ಎದ್ದು ನಿಂತ. ಪಾಯದ ಆಳ ಸಾಲದು, ಮನೆಯ ಹಿಂಭಾಗ ಇಳಿಯುತ್ತಿದೆ, ಪಾಯದ ಕೆಳಗೆ ಸ್ವಲ್ಪ ಸ್ವಲ್ಪವೇ ಅಗೆದು ಕಾಂಕ್ರೀಟ್ ಕೊಡುತ್ತಾ ಬರಬೇಕು, ನಾಲ್ಕು ಲಕ್ಷ ಆಗುತ್ತದೆ, ಚಾನಲ್ ನಿಂತ ಕೂಡಲೇ ಶುರು ಮಾಡೋಣ ಎಂದ.

ನಾಲ್ಕು ಲಕ್ಷ ಇತ್ತು. ಅದೇ ನನ್ನ ಹೊಟ್ಟೆಯುರಿ. ಹೊಳಲೂರಿನ ತವರಿನ ಗದ್ದೆ ಮಾರಿ ಅಣ್ಣ ನನ್ನ ಪಾಲು ಕೊಟ್ಟು ಎರಡು ವಾರವಾಗಿತ್ತು. ಬ್ಯಾಂಕಿನಲ್ಲಿ ಉಳಿದಿದ್ದ ಸಾಲವೂ ಹೆಚ್ಚು ಕಡಿಮೆ ಅಷ್ಟೇ. ಗಂಡ ಊಟಕ್ಕೆ ಕೂತವರು ಅನ್ನ ಕಲಸದೆ ಆ ಎರಡನ್ನೂ ಕೂಡಿಸಿ ಕಳೆಯುತ್ತಿದ್ದಾರೆ ಎಂಬುದು ನನಗೆ ನೋಡಿದರೇ ಗೊತ್ತಾಯಿತು.

"ರೀ, ಗೋಡೆ ಮೊದಲು" ಎಂದೆ.

"ಸಾಲ ಮುಗಿಸಿಬಿಡೋಣ. ಬ್ಯಾಂಕಿನಲ್ಲಿರೋ ಮನೆ ಪತ್ರ ಕೈಗೆ ಬರ್ಲಿ. ಸಾಲ ಇಲ್ಲದ ಮನೆ ತೋರ್ಸಿದ್ರೆ ರಿಪೇರಿಗೆ ಯಾವ ಬ್ಯಾಂಕಾದ್ರೂ ಕರೆದು ಕೊಡ್ತದೆ. ಸಣ್ಣ ಸಾಲ, ಎರಡು ವರ್ಷದಲ್ಲಿ ಅದನ್ನೂ ಸಾಯಿಸ್ಬಹುದು."

"ನಿಮ್ಮಮ್ಮ ಬಚ್ಚಲಲ್ಲಿ ಸಾಯ್ತಿದ್ರು. ಅದು ಲೆಕ್ಕಕ್ಕಿಲ್ವಾ?"

ಅವರು ತಟ್ಟೆ ಬಿಟ್ಟು ಎದ್ದರು. ನಾಲ್ಕನೆಯ ದಿನ ಅತ್ತೆಯೇ ನನ್ನ ಹತ್ತಿರ ಬಂದು, "ಬಿಡು ತಾಯಿ, ಅವನಿಗೊಂದ್ಸಲ ಪತ್ರ ಕೈಗೆ ಬಂದ್ರೆ ಜೀವ ತಣ್ಣಗಾಗ್ತದೆ. ಗೋಡೆ ಇಷ್ಟು ದಿನ ನಿಂತಿದ್ದು ಇನ್ನೊಂದು ನಾಲ್ಕು ತಿಂಗಳು ನಿಲ್ಲಲ್ವಾ" ಎಂದರು. ನಾನು ಚೆಕ್ಕಿಗೆ ಸಹಿ ಹಾಕಿ ಮೇಜಿನ ಮೇಲೆ ಬಿಸಾಕಿದೆ.

ಪತ್ರ ಬಂದ ದಿನ ಅವರು ಅದನ್ನು ದೇವರ ಮುಂದಿಟ್ಟು ಅಡ್ಡಬಿದ್ದರು. ಕೇಸರಿಬಾತ್ ಮಾಡಿಸಿ ಬೀದಿಗೆಲ್ಲ ಹಂಚಿದರು. ಭೇಷ್ ಭೇಷ್ ಎಂದು ಎಲ್ಲರೂ ತಿಂದರು. ಹಿಂದಿನ ಕೋಣೆಗೆ ಯಾರನ್ನೂ ನಾವು ಬಿಡಲಿಲ್ಲ.

ಚಾನಲ್ ನಿಂತಿತು. ನೆಲ ಒಣಗಿತು. ಆ ಸಲ ಬಿರುಕಿನೊಳಗೆ ನನ್ನ ಕೈ ಹೋಯಿತು. ರಿಪೇರಿ ಸಾಲಕ್ಕೆ ಅರ್ಜಿ ಹಾಕಿದ್ದಕ್ಕೆ ಬ್ಯಾಂಕಿನಿಂದ ಒಬ್ಬ ಇಂಜಿನಿಯರ್ ಮನೆ ನೋಡಲು ಬಂದರು. ವಯಸ್ಸಾದ, ಒಳ್ಳೆಯ ಮನುಷ್ಯ. ಮುಂದಿನ ಕೋಣೆಯಲ್ಲಿ ಕಾಫಿ ಕುಡಿಯುವ ತನಕ ನಮ್ಮ ಮಗಳ ಓದು, ಶಿವಮೊಗ್ಗದ ಬಿಸಿಲು ಎಲ್ಲ ಮಾತಾಡಿದರು. ಹಿಂದಿನ ಕೋಣೆಗೆ ಹೋದವರು ಬಗ್ಗಿ ಬಿರುಕಿನೊಳಗೆ ಇಣುಕಿದರು. ಹೊರಗೆ ಹೋಗಿ ಗೋಡೆಯನ್ನು ಆ ಕಡೆಯಿಂದ ನೋಡಿ ಬಂದರು.

"ಇಲ್ಲಿ ಯಾರು ಮಲಗ್ತಾರೆ?"

"ಮಗಳು."

"ಇವತ್ತಿಂದ ಬೇಡಮ್ಮ."

ನನ್ನ ಗಂಡ ಪತ್ರದ ಕವರನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದರು. "ಸಾರ್, ಇದೇ ಮನೆ ಮೇಲೆ ನೀವೇ ಸಾಲ ಕೊಟ್ಟಿದ್ರಿ. ಪೂರ್ತಿ ತೀರ್ಸಿದೀನಿ. ಒಂದು ಕಂತು ತಪ್ಪಿಲ್ಲ ನಾನು."

"ಗೊತ್ತು ಸಾರ್, ನೋಡಿದೀನಿ. ನಿಮ್ಮಂಗೆ ಕಟ್ಟಿದವರು ಕಮ್ಮಿ. ಆದ್ರೆ ಆಗ ಮನೆ ನೆಟ್ಟಗಿತ್ತು. ಈಗ ನಾನು ಅಂತ ಅಲ್ಲ, ಯಾರು ಬಂದ್ರೂ ಇದರ ಮೇಲೆ ಸಾಲ ಬರೆಯಲ್ಲ." ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಚಾನಲ್‌ಗೆ ನೀರು ಯಾವಾಗ ಬಿಡ್ತಾರೆ?"

"ಮುಂದಿನ ವಾರ ಅಂತಿದಾರೆ" ಎಂದೆ.

"ಅಷ್ಟರೊಳಗೆ ಬೇರೆ ಕಡೆ ವ್ಯವಸ್ಥೆ ಮಾಡ್ಕೊಳ್ಳಿ. ಒಣಗಿರೋವಾಗ ಹೇಗೋ ನಿಂತಿದೆ. ನೀರು ಬಂದು ಮಣ್ಣು ಎದ್ರೆ ಗೋಡೆ ಯಾವ ಕಡೆ ಬರ್ತದೋ ಹೇಳಕ್ಕಾಗಲ್ಲ."

ಅವರು ಹೋದ ಮೇಲೆ ನಾನು ಕೂಗಾಡಲಿಲ್ಲ. ಕೂಗಾಡಬೇಕೆಂದು ವರ್ಷಗಳಿಂದ ಕೂಡಿಟ್ಟ ಮಾತುಗಳಿದ್ದವು. ಗಂಡ ಮಗಳ ಮಂಚ ಹೊರಗೆ ತರಲು ಹೋದರು. ಬಾಗಿಲ ಚೌಕಟ್ಟು ಓರೆಯಾಗಿ ಮಂಚ ಅಲ್ಲೇ ಸಿಕ್ಕಿಕೊಂಡಿತು. ಬರುವುದಿಲ್ಲ ಎಂದು ಗೊತ್ತಾದ ಮೇಲೂ ಬಹಳ ಹೊತ್ತು ಎಳೆಯುತ್ತಲೇ ಇದ್ದರು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಹೋಗಿ ಇನ್ನೊಂದು ತುದಿ ಹಿಡಿದುಕೊಂಡೆ. ಮಂಚ ಬರಲಿಲ್ಲ. ಹಾಸಿಗೆ ಮಾತ್ರ ತಂದು ಮುಂದಿನ ಕೋಣೆಯಲ್ಲಿ ಹಾಸಿದೆವು.

ಬಾಡಿಗೆ ಮನೆ ಶಿವಮೊಗ್ಗದಲ್ಲೇ ನೋಡೋಣ ಎಂದೆ, ನನಗೆ ಬಸ್ಸಿನ ದುಡ್ಡಾದರೂ ಉಳಿಯಲಿ ಎಂದು. ಉಳಿಸುವ ಮಾತು ಬಾಯಿಂದ ಬಂದದ್ದಕ್ಕೆ ನನಗೇ ಹೇಸಿಗೆಯಾಯಿತು. ಶಾಲೆಯ ಹತ್ತಿರ ಒಂದು ಮಹಡಿ ಮನೆ ಸಿಕ್ಕಿತು. ಅಡ್ವಾನ್ಸು ಐವತ್ತು ಸಾವಿರ. ಹನ್ನೊಂದು ವರ್ಷ ಕೈಗೆ ಬಂದದ್ದನ್ನೆಲ್ಲ ಕಟ್ಟಿದವರ ಹತ್ತಿರ ಐವತ್ತು ಸಾವಿರ ಎಲ್ಲಿಂದ ಬರಬೇಕು? ಗಂಡನಿಗೆ ಹೇಳದೆ ಬೆಳಿಗ್ಗೆ ಶಿವಮೊಗ್ಗದ ಗಾಂಧಿಬಜಾರಿಗೆ ಹೋಗಿ ನನ್ನ ಸರ ಅಡವಿಟ್ಟೆ. ಶಾಲೆಯಲ್ಲಿ ಮುಂಗಡ ಕೊಟ್ಟರು ಎಂದು ಅವರಿಗೆ ಸುಳ್ಳು ಹೇಳಿದೆ. ಸೆರಗು ಹೊದ್ದುಕೊಂಡಿದ್ದರಿಂದ ಕೊರಳು ಕಾಣಲಿಲ್ಲ.

ಮನೆಯ ಒಡತಿ ರಿಟೈರಾದ ನರ್ಸಮ್ಮ, ಖಡಕ್ ಹೆಂಗಸು. ಸ್ವಂತ ಮನೆ ಇದ್ದವರು ಬಾಡಿಗೆಗೆ ಬರುತ್ತಿದ್ದಾರೆಂದರೆ ಆಕೆಗೆ ಅನುಮಾನ.

"ನೇರವಾಗಿ ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ" ಎಂದರು. "ಸಾಲಗೀಲ ಏನಾದ್ರೂ ಇದ್ಯಾ? ಮೊದಲಿದ್ದವರು ಸಾಲ ಮಾಡ್ಕೊಂಡು ಬಾಡಿಗೆ ಕೊಡದೆ ಓಡಿಹೋದ್ರು."

ನನ್ನ ಗಂಡ ತಲೆಯೆತ್ತಿದರು. ಈ ಪ್ರಶ್ನೆಯನ್ನು ಯಾರಾದರೂ ತಮಗೆ ಕೇಳಬೇಕೆಂದು ಅವರು ಎಷ್ಟು ವರ್ಷದಿಂದ ಕಾಯುತ್ತಿದ್ದರು ಎಂಬುದು ನನಗೊಬ್ಬಳಿಗೆ ಗೊತ್ತಿತ್ತು.

"ಇಲ್ಲ ಅಮ್ಮ" ಎಂದರು. "ಒಂದು ಪೈಸೆ ಸಾಲ ಇಲ್ಲ."

ನಾನು ಸೆರಗನ್ನು ಇನ್ನಷ್ಟು ಎಳೆದುಕೊಂಡು, ಬ್ಯಾಗಿನಿಂದ ದುಡ್ಡು ತೆಗೆದು ಎಣಿಸಿ ಆಕೆಯ ಕೈಗೆ ಕೊಟ್ಟೆ.