ಹಿಂದಿನ ಕಲ್ಲಿಗೆ ಬಿಸಿಲು ಬಂದ ದಿನ

ಮದುವೆಯಾಗಿ ಅಂಕಲಗಿಯಿಂದ ಮಸಗುಪ್ಪಿಗೆ ಬಂದಾಗ ನನಗೆ ಹದಿನೈದು. ಬಸ್ಸುಗಿಸ್ಸು ಇಲ್ಲದ ಕಾಲ, ನಡೆದರೆ ಎರಡು ದಿನದ ದಾರಿ. ನನ್ನನ್ನು ಮೊದಲ ಸಲ ತವರಿಗೆ ಕರೆದೊಯ್ಯುವ ದಿನವನ್ನು ಅವ್ವ ಮತ್ತು ಅತ್ತೆ ಮದುವೆಯ ಹಂದರದಲ್ಲೇ ಗೊತ್ತುಮಾಡಿಕೊಂಡಿದ್ದರು. ಇಬ್ಬರಿಗೂ ಪಂಚಾಂಗ ಓದಲು ಬಾರದು. ಆದರೆ ತವರಿನ ಹೊಲದ ಅಂಚಿನಲ್ಲೂ ಅತ್ತೆಯವರ ಹೊಲದ ದಿನ್ನೆಯ ಮೇಲೂ ಜನ ಪಾಂಡವರ ಮನೆ ಎನ್ನುವ ಹಳೆಯ ಕಲ್ಲಿನ ಗೂಡುಗಳಿದ್ದವು. ಸುತ್ತ ನಿಲ್ಲಿಸಿದ ಚಪ್ಪಡಿಗಳು, ಮೇಲೊಂದು ಚಪ್ಪಡಿ, ಮುಂದಿನದರಲ್ಲಿ ತಲೆ ತೂರುವಷ್ಟು ದುಂಡನೆಯ ಕಿಂಡಿ. ಚಳಿಗಾಲದಲ್ಲಿ ಮುಂಜಾವದ ಬಿಸಿಲು ಆ ಕಿಂಡಿಯಿಂದ ಒಳಹೊಕ್ಕು, ದಿನದಿನಕ್ಕೆ ಜರುಗಿ, ಒಂದು ದಿನ ಹಿಂದಿನ ಚಪ್ಪಡಿಯ ನಟ್ಟನಡುವೆ ಬೀಳುತ್ತಿತ್ತು.

"ಬಿಸಲು ಹಿಂದಿನ ಕಲ್ಲಿನ ನಡುವ ಕುಂತ ದಿನಾನ ಹೊಂಡ್ತೇನ್ರಿ" ಎಂದಿದ್ದಳು ಅವ್ವ.

"ಆತ್ರಿ. ಆ ದಿನಾ ತಪ್ಪಿದ್ರ ಸುಗ್ಗಿ ಬರ್ತೈತಿ, ಮತ್ತ ಯುಗಾದಿತನಕ ಕಳಸಾಕ ಆಗೂದಿಲ್ಲ" ಎಂದಿದ್ದರು ಅತ್ತೆ.

ನೀರಿಗೆ ಹೋಗುವ ನೆವದಲ್ಲಿ ನಾನು ದಿನಾ ದಿನ್ನೆ ಹತ್ತುತ್ತಿದ್ದೆ. ಬಿಸಿಲು ಬೆರಳಷ್ಟು ಸರಿದರೂ ಹಿಗ್ಗು. ಕಡೆಗೊಂದು ಮುಂಜಾನೆ ಅದು ನಡುವಿಗೆ ಬಂತು. ಓಡಿಬಂದು ಎರಡು ಸೀರೆ ಗಂಟು ಕಟ್ಟಿ, ಮರುದಿನವಿಡೀ ಕಟ್ಟೆಯ ಮೇಲೆ ಕೂತೆ. ಅವ್ವ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮಗಳನ್ನು ಸಾಗಹಾಕಿ ಮರೆತೇಬಿಟ್ಟಳು ಎಂದು ಸಿಟ್ಟು ನೆತ್ತಿಗೇರಿತು. ಗಂಟು ಬಿಚ್ಚಿ ಸೀರೆಗಳನ್ನು ಮೂಲೆಗೆ ಎಸೆದೆ. ಅತ್ತೆ ಮಾತಿಗೆ ತಪ್ಪಿದ ಬೀಗರ ಮೇಲಿನ ಕೋಪವನ್ನೆಲ್ಲ ರೊಟ್ಟಿಯ ಮೇಲೆ ಬಡಿಯುತ್ತಿದ್ದರು. ನನಗೆ ಅವಮಾನವಾಗಿತ್ತು, ಅದಕ್ಕಿಂತ ಹೆಚ್ಚಾಗಿ ದುಃಖವಾಗಿತ್ತು.

ಹನ್ನೆರಡನೆಯ ದಿನ ಅವ್ವ ಬಂದಳು, ಮೊಣಕಾಲಿನತನಕ ಧೂಳು. ನಾನು ಮುಖ ತಿರುವಿದೆ.

"ಈಗ ಬಂದ್ರೇನ್ರಿ? ಬಿಸಲು ಕುಂತು ಹನ್ನೆರಡು ದಿನಾ ಆತು" ಎಂದರು ಅತ್ತೆ.

ಅವ್ವ ಕಕ್ಕಾಬಿಕ್ಕಿಯಾದಳು. "ನಿನ್ನಿ ಮುಂಜಾನಿ ಕುಂತೈತ್ರಿ. ನೋಡಿದಾಕಿನ ಹೊಂಟೇನಿ, ರಾತ್ರಿ ಗೋಕಾಕದಾಗ ಉಳಿದು ಬಂದೇನಿ. ಲಿಂಗದಾಣಿ, ಸುಳ್ಳಲ್ರಿ."

ಅತ್ತೆಯ ಕಣ್ಣು ಅವಳ ಬೆರಳುಗಳ ಮೇಲೆ ಬಿತ್ತು. "ಕೈಗೇನಾಗೈತ್ರಿ?"

"ಕಿಂಡಿ ಮುಂದ ಮಣ್ಣು ಗುಡ್ಡಿ ಬಿದ್ದಿತ್ರಿ. ಅದಕ್ಕ ಬಿಸಲು ತಡಾ ಮಾಡಾಕತ್ತೈತಿ ಅಂತ ತಿಳಿದು ಎಂಟು ದಿನಾ ಕೆದರೇನಿ. ಕೆದರಿದ್ರ ಸೂರ್ಯಾ ಬ್ಯಾಗ ಬರ್ತಾನೇನ್ರಿ? ಮಗಳನ್ನ ನೋಡೂ ಆಸೆ, ತಡೀಲಿಲ್ಲ."

ಅಲ್ಲಿಯ ಕಲ್ಲು ಯಾವ ಕಡೆ ಮುಖಮಾಡಿದೆ ಎಂದು ಅತ್ತೆ ಕೇಳಿದರು, ಅವ್ವ ಕೈ ಚಾಚಿ ತೋರಿಸಿದಳು. ಎಲ್ಲ ಊರಿನ ಕಲ್ಲೂ ಒಂದೇ ದಿಕ್ಕಿಗೆ ಮುಖಮಾಡಿವೆ ಎಂದು ಇಬ್ಬರೂ ನಂಬಿದ್ದರು. ಅಂಕಲಗಿಯದು ಮಸಗುಪ್ಪಿಯದಕ್ಕಿಂತ ಇನ್ನಷ್ಟು ತೆಂಕಣಕ್ಕೆ ತಿರುಗಿತ್ತು, ದಿನದಿನಕ್ಕೆ ತೆಂಕಣಕ್ಕೆ ಸರಿಯುವ ಸೂರ್ಯನ ಬಿಸಿಲು ತಡವಾಗಿ ಸಿಕ್ಕುವಂಥದು.

"ಆ ಪಾಂಡವರು ಎರಡೂ ಮನಿ ಒಂದ ಕಡೆ ಮಾರಿ ಮಾಡಿ ಕಟ್ಟಬೇಕಿತ್ತು ನೋಡ್ರಿ" ಎಂದರು ಅತ್ತೆ, ದನಿ ಸಡಿಲಾಗಿತ್ತು. "ಕೈ ತೊಳಕೊಂಡು ಉಣ್ರಿ. ನಾಳೆ ತಾಯಿಮಗಳು ಹೊಂಡ್ರಿ."

ನಾನು ತಂಬಿಗೆ ತಂದು ಅವ್ವನ ಕೈಗೆ ನೀರು ಹಾಕಿದೆ. ಉಗುರುಗಳು ಸೀಳಿದ್ದವು, ಸೀಳಿನಲ್ಲಿ ಕರಿಮಣ್ಣು ಕೂತಿತ್ತು. ನಾನಿಲ್ಲಿ ಅವಳನ್ನು ಬಯ್ಯುತ್ತಿದ್ದ ದಿನಗಳಲ್ಲೇ ಅವಳು ಅಲ್ಲಿ ಕೆದರುತ್ತಿದ್ದಳು. ಎಷ್ಟು ತಿಕ್ಕಿದರೂ ಆ ಮಣ್ಣು ಹೋಗಲಿಲ್ಲ.

"ಬಿಡವಾ, ತಾನ ಹೋಗ್ತೈತಿ" ಎಂದಳು.

ನಾನು ಆ ಕೈ ಬಿಡಲಿಲ್ಲ.