ಕಡ್ಡಿಪೆಟ್ಟಿಗೆಯೊಳಗಿನ ಲವಂಗ

ಖಾಕಿ ಅಂಗಿಯ ಕಿಸೆಯಲ್ಲಿ ಕಡ್ಡಿಪೆಟ್ಟಿಗೆ ಕಟಕಟ ಅಂದಿತೆಂದರೆ ನಮ್ಮ ಡ್ರೈವರ್ ಕಾಕಾ ಬಂದರು ಅಂತ ಅರ್ಥ. ಗಿಡ್ಡ ಆಳು. ಬೆಳ್ಳನೆಯ ಮೀಸೆಯ ನಡುವೆ ಬೀಡಿಯ ಹೊಗೆಗೆ ಹಳದಿ ತಿರುಗಿದ ಒಂದು ಪಟ್ಟಿ. ಈಗ ಕಾಕಾ ಇಲ್ಲ. ಆ ಸದ್ದು ಮಾತ್ರ ಕಿವಿಯಲ್ಲಿದೆ.

ರಿಟೈರ್ಮೆಂಟಿಗೆ ಎರಡು ವರ್ಷ ಇದ್ದಾಗ ನಾನು ವಿಜಯಪುರದಲ್ಲಿ ಒಂದು ಹೆಲ್ತ್ ಸ್ಟಡಿಯ ಕೆಲಸದಲ್ಲಿದ್ದೆ. ಹಳ್ಳಿಹಳ್ಳಿ ತಿರುಗಿ ಯಾರು ಬೀಡಿ ಸೇದುತ್ತಾರೆ, ಬಿಟ್ಟೆವೆಂದವರು ನಿಜವಾಗಿಯೂ ಬಿಟ್ಟಿದ್ದಾರೆಯೇ ಎಂದು ಬರೆದುಕೊಳ್ಳಬೇಕು. ಕಾನ್ವೆಂಟಿನಲ್ಲಿ ಸಿಸ್ಟರ್ ತಿದ್ದಿಸಿದ ನೀಟ್ ಹ್ಯಾಂಡ್‌ರೈಟಿಂಗ್ ನನ್ನದು. "ದಿನಕ್ಕೆ ಎಷ್ಟು ಸೇದುತ್ತೀರಿ?" ಅಂತ ಕೇಳುವುದು, "ಎರಡೋ ಮೂರೋ ರೀ" ಅಂದರೆ ನಂಬಿ ಬರೆಯುವುದು.

ಮೇಡಂ ಅನ್ನುವ ಬದಲು ಕಾಕಾ ನನ್ನನ್ನು ಬಾಯಾರ ಅನ್ನುತ್ತಿದ್ದರು. ಒಂದು ದಿನ ಜೀಪಿನಲ್ಲಿ ನಕ್ಕುಬಿಟ್ಟರು. "ಬಾಯಾರ, ಹಂಗ ಕೇಳಿದ್ರ ಯಾರು ಖರೇ ಹೇಳ್ತಾರ್ರಿ? ಒಂದು ಕಟ್ಟು ಎಷ್ಟು ದಿನ ಬರ್ತೈತಿ ಅಂತ ಕೇಳ್ರಿ. ಅದೂ ಅವರಪ್ಪ ಬಾಜೂಕ ಕುಂತಾಗ ಕೇಳಬ್ಯಾಡ್ರಿ."

ಮರುದಿನದಿಂದ ನನ್ನ ಫಾರ್ಮುಗಳು ನಿಜ ಹೇಳತೊಡಗಿದವು. ಯಾವ ಟ್ರೇನಿಂಗಿನಲ್ಲೂ ಇದನ್ನು ಕಲಿಸಿರಲಿಲ್ಲ.

ಆಮೇಲೆ ಊದುವ ಮಷೀನ್ ಬಂತು. ಉಸಿರಿನಲ್ಲಿ ಹೊಗೆಯ ವಿಷ ಎಷ್ಟಿದೆ ಎಂದು ನಂಬರ್ ತೋರಿಸುವಂಥದ್ದು. ನಿಡೋಣಿ ಎಂಬ ಹಳ್ಳಿಯಲ್ಲಿ ಅದನ್ನು ತೆಗೆದದ್ದೇ ತಡ, ಕಟ್ಟೆಯ ಮೇಲಿದ್ದವರೆಲ್ಲ ಎದ್ದು ಹೊರಟರು. ಕುಡಿದವರನ್ನು ಹಿಡಿಯುವ ಪೊಲೀಸರ ಮಷೀನ್ ಅಂದುಕೊಂಡಿದ್ದರು! ಕಾಕಾ ಜೀಪಿನಿಂದ ಇಳಿದು, "ಏ, ನಿಂದರ್ರೋ, ಇದು ಕುಡದದ್ದಲ್ಲ, ಸೇದಿದ್ದು ನೋಡ್ತೈತಿ" ಎಂದು ತಾವೇ ಊದಿದರು. ಕೆಂಪು ದೀಪ, ದೊಡ್ಡ ನಂಬರು.

"ಯಪ್ಪಾ, ಹೊಟ್ಟ್ಯಾಗ ಇಟ್ಟಂಗಿ ಭಟ್ಟಿ ಇಟ್ಟೀಯೇನೋ ಮಾರಾಯಾ?" ಅಂದ ಒಬ್ಬ ಮುದುಕ.

ಎಲ್ಲರೂ ನಕ್ಕರು. ಕಾಕಾನಿಗೆ ರೋಷ ಬಂತು. ಬೀಡಿ ಕಟ್ಟನ್ನು ಅಲ್ಲೇ ಗಟಾರಕ್ಕೆ ಎಸೆದು, "ಆರು ತಿಂಗಳಿಗೆ ಬರ್ತೇನಿ, ಹಸಿರು ದೀಪ ಹಚ್ಚಿ ತೋರಸ್ತೇನಿ" ಅಂದರು. ಅವರ ಮಾತಿನ ಮೇಲೆ ಆ ಕಟ್ಟೆಯ ನಾಲ್ಕು ಮಂದಿಯೂ ಬೀಡಿ ಬಿಟ್ಟರು. ಸ್ಟಡಿಯಲ್ಲಿ ಕಾಕಾನ ಹೆಸರೂ ಸೇರಿತು.

ಆರು ತಿಂಗಳಿಗೆ ಅದೇ ಕಟ್ಟೆ. ಆ ನಾಲ್ವರೂ ಕಾಯುತ್ತಿದ್ದರು. ಕಾಕಾ ಊದಿದರು. ಕೆಂಪು ದೀಪವೇ ಹತ್ತಿತು. ಯಾರೂ ನಗಲಿಲ್ಲ, ಅದೇ ಹೆಚ್ಚು ಚುಚ್ಚಿತು. ಒಬ್ಬ ಮೆಲ್ಲಗೆ ಎದ್ದು ಬೀಡಿ ಅಂಗಡಿಯ ಕಡೆ ನಡೆದ. ಕಾಕಾನ ಕಿಸೆಯಲ್ಲಿ ಕಡ್ಡಿಪೆಟ್ಟಿಗೆ ಉಬ್ಬಿದ್ದು ನಾನೂ ನೋಡಿದ್ದೆ. ಇನ್ನೇನು ಪ್ರೂಫ್ ಬೇಕು?

"ಬರಕೋರಿ ಬಾಯಾರ," ಅಂದರು ತಲೆ ತಗ್ಗಿಸಿ. "ಒಂದೂ ಸೇದಿಲ್ರಿ. ಆದ್ರ ಮಷೀನ್ ಸುಳ್ಳು ಹೇಳತೈತೇನ್ರಿ? ನಲವತ್ತು ವರ್ಷದ ಹೊಗಿ ಒಳಗ ಉಳದಿರಬೇಕು."

ನಾನು ನೀಟಾಗಿ "ಬಿಟ್ಟಿಲ್ಲ" ಅಂತ ಬರೆದೆ.

ಮೂರು ದಿನ ಕಾಕಾ ಕೆಲಸಕ್ಕೆ ಬರಲಿಲ್ಲ. ನಾಲ್ಕನೆಯ ಮುಂಜಾನೆ ಬಸ್ ಹಿಡಿದು ತಿಕೋಟಾದ ಅವರ ಮನೆಗೆ ಹೋದೆ. ಹೆಂಡತಿ ಬಿದ್ದು ಕೈ ಮುರಿದುಕೊಂಡು, ಪ್ಲಾಸ್ಟರ್ ಹಾಕಿಸಿಕೊಂಡು ಬಾಗಿಲಲ್ಲಿ ಕೂತಿದ್ದರು. ಒಳಗೆ ಹೊಗೆಯೋ ಹೊಗೆ. ಕಾಕಾ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಕಣ್ಣೀರು ಸುರಿಸುತ್ತ, ಹಸಿ ತೊಗರಿ ಕಟ್ಟಿಗೆಗೆ ಊದುಗೊಳವೆ ಹಿಡಿದು ಊದುತ್ತಿದ್ದರು.

"ತಿಂಗಳಾತ್ರಿ, ರೊಟ್ಟಿ ಇವರ ಬಡೀತಾರ," ಅಂದರು ಹೆಂಡತಿ. "ನಕಾಶೆ ನೋಡ್ರಿ ಬಾಯಾರ, ಒಂದೂ ದುಂಡಗಿಲ್ಲ." ಚಹಾ ಆದ ಮೇಲೆ ಗೂಟದ ಅಂಗಿಯಿಂದ ಕಡ್ಡಿಪೆಟ್ಟಿಗೆ ತೆಗೆದು ನನ್ನ ಮುಂದೆ ಹಿಡಿದರು. "ತಗೋರಿ. ಬೀಡಿ ಬಿಟ್ಟಾಗಿಂದ ಇದನ್ನ ಅಗೀತಾರ."

ಒಳಗೆ ಲವಂಗ.

ಮೈ ಗಾಡ್! ಒಲೆಯ ಹೊಗೆಯೂ ಉಸಿರಿನಲ್ಲಿ ಅದೇ ವಿಷ ಬಿಡುತ್ತದೆ. ಬೀಡಿಯದೋ ರೊಟ್ಟಿಯದೋ ಮಷೀನಿಗೆ ಗೊತ್ತಾಗುವುದಿಲ್ಲ. ಮನುಷ್ಯಳಾದ ನಾನಾದರೂ ಕೇಳಬಹುದಿತ್ತಲ್ಲ?

ಎರಡು ದಿನ ನನ್ನ ಮನೆಯಿಂದ ಅವರಿಬ್ಬರಿಗೂ ಬುತ್ತಿ ಕೊಟ್ಟೆ, ಕಾಕಾ ಒಲೆಯ ಹತ್ತಿರ ಸುಳಿಯಲಿಲ್ಲ. ಮೂರನೆಯ ದಿನ ನಿಡೋಣಿಯ ಕಟ್ಟೆಯಲ್ಲಿ, ಎಲ್ಲರ ಎದುರಿಗೆ, "ತಪ್ಪು ನಂದು, ಇವರದಲ್ಲ" ಅಂತ ಹೇಳಿ ಊದಿಸಿದೆ. ಹಸಿರು ದೀಪ. ಅವತ್ತು ಬೀಡಿ ಅಂಗಡಿಗೆ ಹೋಗಿದ್ದವನ ಹೆಗಲ ಮೇಲೆ ಕಾಕಾ ಕೈಹಾಕಿ, "ಲೇ, ನೀ ಮತ್ತ ಒಂದನೇ ದಿನದಿಂದ ಚಾಲೂ ಮಾಡು" ಅಂದರು. ಅಂದಿನಿಂದ ನನ್ನ ಪ್ರತಿ ಫಾರ್ಮಿನ ಮೇಲೂ ಕೈಯಿಂದ ಒಂದು ಸಾಲು ಬರೆಯುತ್ತಿದ್ದೆ: ಇವತ್ತು ಮುಂಜಾನೆ ಒಲೆಯ ಮುಂದೆ ಕೂತಿದ್ದಿರಾ?

ಬೀಡಿ ಬಿಟ್ಟರೂ ಹಳೆಯ ಹೊಗೆ ಎದೆಯನ್ನು ಬಿಡಲಿಲ್ಲ. ಕೊನೆಯ ಸಲ ನೋಡಿದಾಗ ಅಂಗಳದ ಹೊರಸಿನ ಮೇಲೆ, ದಿಂಬಿಗೆ ಒರಗಿ, ಅರ್ಧರ್ಧ ಉಸಿರು ತೆಗೆಯುತ್ತಿದ್ದರು. ಮೀಸೆಯ ಹಳದಿ ಪಟ್ಟಿ ಹೋಗಿ ಪೂರಾ ಬೆಳ್ಳಗಾಗಿತ್ತು.

"ಮಷೀನ್ ತಂದೀರೇನ್ರಿ?"

"ಇಲ್ಲ ಕಾಕಾ, ನಾನು ರಿಟೈರ್ ಆದೆ."

"ಮತ್ತ ಹೆಂಗ ನಂಬತೀರಿ?" ಕಣ್ಣಲ್ಲಿ ತುಂಟತನ.

"ನೀವು ಹೇಳ್ರಿ, ಬರಕೋತೀನಿ."

"ಇವತ್ತಿನ ತನಕ ಒಂದೂ ಸೇದಿಲ್ರಿ."

ಪರ್ಸಿನಲ್ಲಿ ಬಸ್ ಟಿಕೆಟ್ ಬಿಟ್ಟು ಬೇರೆ ಕಾಗದ ಇರಲಿಲ್ಲ. ಅದರ ಹಿಂದೆ ನೀಟಾಗಿ "ಬಿಟ್ಟಿದ್ದಾರೆ" ಅಂತ ಬರೆದು, ಅವರಿಗೆ ಕಾಣುವ ಹಾಗೆ ಹಿಡಿದೆ.