ನೊರೆಯವರೆಗೂ ಶರಾವತಿ

ಕುಮಟೆಯ ಕಾರಕೂನ ನಾಗಪತಿ ಹೆಗಡೆಯವರು ಸಮುದ್ರವನ್ನು ತಮ್ಮ ಹಿತ್ತಿಲ ಬಾವಿಯಂತೆ ನೋಡಿಕೊಳ್ಳುತ್ತಿದ್ದರು. ಅದನ್ನು ಯಾವಾಗ ಮುಟ್ಟಬಹುದು, ಯಾವಾಗ ಮುಟ್ಟಬಾರದು ಎಂಬುದೆಲ್ಲ ಅವರ ಬಾಯಲ್ಲೇ ಇತ್ತು. ಪರ್ವಕಾಲ ಬಿಟ್ಟು ಬೇರೆ ದಿನ ಸಮುದ್ರಸ್ನಾನ ಕೂಡದು ಎಂದು ಹಿರಿಯರು ಹೇಳಿದ್ದರು. ಹೆಗಡೆಯವರು ಅದಕ್ಕೊಂದು ಬಾಲ ಸೇರಿಸಿ, ಕಾಲಿನ ಹೆಬ್ಬೆರಳು ತಾಗಿದರೂ ದೋಷವೇ ಎಂದು ತೀರ್ಪು ಕೊಟ್ಟಿದ್ದರು. ಸಂಜೆ ಗೆಳೆಯರ ಜೊತೆ ಒಣ ಮರಳ ಮೇಲೆ ಕೂತು ಶೇಂಗಾ ತಿನ್ನುವುದಕ್ಕೆ ಮಾತ್ರ ಯಾವ ಶಾಸ್ತ್ರವೂ ಅಡ್ಡ ಬಂದಿರಲಿಲ್ಲ.

ಈ ತೀರ್ಪಿನ ಪೆಟ್ಟೆಲ್ಲ ಬಿದ್ದದ್ದು ಹೆಂಡತಿ ವಸಂತಿಯ ಮೇಲೆ. ಅವಳು ಗೇರುಸೊಪ್ಪದವಳು. ಶರಾವತಿಯ ದಂಡೆಯಲ್ಲಿ ಬಟ್ಟೆ ಒಗೆಯುತ್ತ, ಈ ನೀರೆಲ್ಲ ಕೊನೆಗೆ ಹೋಗಿ ಸೇರುವ ಜಾಗ ಹೇಗಿರಬಹುದು ಎಂದು ಯೋಚಿಸುತ್ತ ದೊಡ್ಡವಳಾದವಳು. ಕುಮಟೆಯ ಸಂಬಂಧ ಕೂಡಿಬಂದಾಗ ಗೆಳತಿಯರು, ಇನ್ನು ನಿನಗೆ ದಿನಾ ಸಮುದ್ರ ಎಂದು ಹೊಟ್ಟೆ ಉರಿದುಕೊಂಡಿದ್ದರು. ಮದುವೆಯಾಗಿ ಎಂಟು ವರ್ಷವಾಯಿತು, ಮಗಳು ಗಂಗಾ ಶಾಲೆಗೆ ಹೋಗುವಷ್ಟಾದಳು, ವಸಂತಿಯ ಕಾಲು ಮಾತ್ರ ಇನ್ನೂ ಸಮುದ್ರದಲ್ಲಿ ನೆನೆದಿರಲಿಲ್ಲ. ತವರಿಗೆ ಹೋದಾಗೆಲ್ಲ ಸಮುದ್ರಸ್ನಾನ ಹೇಗಿರುತ್ತದೆ ಎಂದು ಕೇಳುತ್ತಿದ್ದರು. ಬಹಳ ಚೆನ್ನಾಗಿರುತ್ತದೆ ಎಂದು ಅವಳು ಸುಳ್ಳು ಹೇಳಿ ಒಳಗೆ ಹೋಗಿಬಿಡುತ್ತಿದ್ದಳು. ಆ ಸುಳ್ಳು ಅವಳಿಗೆ ನಾಚಿಕೆ ತರುತ್ತಿತ್ತು.

ಹಾಗಂತ ಹೆಗಡೆಯವರು ಸಂಸಾರವನ್ನು ಎಲ್ಲಿಗೂ ಕರೆದೊಯ್ಯುತ್ತಿರಲಿಲ್ಲ ಎಂದರೆ ಅನ್ಯಾಯವಾದೀತು. ತಮ್ಮಷ್ಟು ತಿರುಗಾಟದ ಹುಚ್ಚಿನವರು ತಾಲೂಕಿನಲ್ಲೇ ಇಲ್ಲವೆಂಬುದು ಅವರ ನಂಬಿಕೆ. ಮಳೆಗಾಲವೊಂದು ಬಿಟ್ಟು. ಆಗ ಮನೆಯೊಳಗೆ ಕೂತವಳಿಗೂ ಕಡಲಿನ ಮೊರೆತ ಕೇಳುತ್ತಿತ್ತು. ಹೆಗಡೆಯವರು ಸುಟ್ಟ ಹಲಸಿನ ಹಪ್ಪಳ ಮುರಿಯುತ್ತ, ಕೇಳಿದರೆ ನೋಡಿದ ಹಾಗೆಯೇ ಎನ್ನುತ್ತಿದ್ದರು. ಕಾರ್ತೀಕದಲ್ಲಿ ಬಾಡ ಎಂಬ ಊರಿನ ಸ್ನೇಹಿತರ ತೆಂಗಿನ ತೋಟದಲ್ಲಿ ವನಭೋಜನ. ನೆಲ್ಲಿಮರದ ನೆರಳಲ್ಲಿ ಊಟ ಮಾಡಿದರೆ ಪುಣ್ಯವಂತೆ. ಆ ಪುಣ್ಯ ಬೇಯುವುದಕ್ಕೆ ಹಂಡೆ, ಸೌಟು, ಅಕ್ಕಿ, ಕಟ್ಟಿಗೆ ಎಲ್ಲವೂ ಗಾಡಿ ಏರಿ ಬರಬೇಕು, ಅವುಗಳ ಜೊತೆ ವಸಂತಿಯೂ ಬರಬೇಕು. ಗಂಡಸರು ಗಾಳಿಗೆ ಮೈಯೊಡ್ಡಿ ಇಸ್ಪೀಟು ಆಡುವಾಗ, ಅವಳು ಮೂರು ಕಲ್ಲಿನ ಒಲೆಯ ಹೊಗೆಯಾಚೆ ಮರಗಳ ಸಂದಿಯಲ್ಲಿ ಒಂದು ತುಂಡು ನೀಲಿ ನೋಡುತ್ತ ಹುಳಿ ತಿರುವುತ್ತಿದ್ದಳು.

ಎಳ್ಳಮಾವಾಸ್ಯೆ ಬಂದರೆ ಮುಗಿದೇ ಹೋಯಿತು. ಅದು ಸಾಕ್ಷಾತ್ ಪರ್ವಕಾಲ, ಮುಟ್ಟಿದರೆ ಪುಣ್ಯವೇ. ಆ ಪುಣ್ಯಕ್ಕೆ ಘಟ್ಟದ ಮೇಲಿನ ನೆಂಟರೆಲ್ಲ ಹಿಂದಿನ ದಿನವೇ ಬಂದಿಳಿಯುತ್ತಿದ್ದರು. ಬೆಳಗಾಗುತ್ತಲೇ ಹೆಗಡೆಯವರು ಗಂಗಾಳ ಕೈ ಹಿಡಿದು, ದಂಡನ್ನು ಕಟ್ಟಿಕೊಂಡು ಸ್ನಾನಕ್ಕೆ ಹೊರಡುವರು. ಮಿಂದು ಬಂದವರಿಗೆ ಹಸಿವು ಜಾಸ್ತಿ. ಹಾಗಾಗಿ ಒಬ್ಬರು ಮನೆಯಲ್ಲಿ ಉಳಿದು ಅಡಿಗೆ ಮಾಡಬೇಕು. ಆ ಒಬ್ಬರು ಯಾರು ಎಂಬ ಚರ್ಚೆ ಒಂದು ವರ್ಷವೂ ನಡೆಯಲಿಲ್ಲ. ಒಮ್ಮೆ ಅವಳೇ ಬಾಯಿಬಿಟ್ಟು ಕೇಳಿದಾಗ ಗಂಡ ಪ್ರೀತಿಯಿಂದಲೇ ಹೇಳಿದ್ದರು: "ಸಮುದ್ರ ಎಲ್ಲೂ ಓಡಿ ಹೋಗ್ತಿಲ್ಲೆ. ಬಪ್ಪ ವರ್ಷ ಹೋದ್ರಾತು."

ಮಗಳು ಮಾತ್ರ ಪ್ರತಿ ವರ್ಷ ಒದ್ದೆ ಕೂದಲಲ್ಲಿ ಒಳಗೆ ಓಡಿಬಂದು, ನೀರು ಎಷ್ಟು ಉಪ್ಪಾಗಿತ್ತು ಎಂದು ಅಮ್ಮನಿಗೆ ವರದಿ ಒಪ್ಪಿಸುತ್ತಿದ್ದಳು. ಅದನ್ನು ಕೇಳುವುದೇ ವಸಂತಿಗೆ ಎಲ್ಲಕ್ಕಿಂತ ಕಷ್ಟವಾಗುತ್ತಿತ್ತು.

೧೯೬೨ರ ಬೇಸಿಗೆಯಲ್ಲಿ ಹೊನ್ನಾವರದಾಚೆಯ ಮಂಕಿ ಎಂಬ ಊರಿನಿಂದ ಹೇಳಿಕೆ ಬಂತು. ಹೆಗಡೆಯವರ ಅಕ್ಕನ ಮನೆಯಲ್ಲಿ ಸತ್ಯನಾರಾಯಣ ಪೂಜೆ, ಎಲ್ಲರೂ ಬರಬೇಕು, ವಸಂತಿ ಬಂದರೆ ಅಡಿಗೆಗೆ ಆಗುತ್ತದೆ. ಹೆಗಡೆಯವರು ಇದಕ್ಕೂ ಪ್ರವಾಸವೆಂದೇ ಹೆಸರಿಟ್ಟರು. ಹೊನ್ನಾವರದವರೆಗೆ ಬಸ್ಸು, ಅಲ್ಲಿ ಶರಾವತಿ ದಾಟಲು ಲಾಂಚು, ಆಚೆ ಕಾಸರಕೋಡಿನಲ್ಲಿ ಮತ್ತೆ ಬಸ್ಸು. ಲಾಂಚಿನಲ್ಲಿ ಅವರು ಪಕ್ಕದವರಿಗೆ ಸಮುದ್ರಸ್ನಾನದ ನಿಯಮಗಳನ್ನು ವಿವರಿಸಿದರು. ಹಾಲಕ್ಕಿ ಒಕ್ಕಲಿಗರ ಸುಕ್ರಿ ಎಂಬವಳು ತರಕಾರಿ ಬುಟ್ಟಿ ಹಿಡಿದು ಎದುರಿಗೇ ಕೂತಿದ್ದಳು. ದಿನಾ ದಾಟಿ ಹೋಗುವ ಆ ಮುದುಕಿಯೂ ಬಾಯಿ ಬಿಟ್ಟುಕೊಂಡು ಕೇಳಿದಳು.

ಸಮುದ್ರದ ನೀರು ಹಿಂದೆ ಸರಿಯುವ ಇಳಿತದ ಹೊತ್ತು. ಲಾಂಚು ದಡ ಮುಟ್ಟದೆ ಸ್ವಲ್ಪ ಈಚೆಯೇ ನಿಂತಿತು, ಇಳಿಯುವವರಿಗೆ ಹಲಗೆ ಹಾಕಿದರು. ಹಲಗೆಗೆ ಪಾಚಿ ಹಿಡಿದಿತ್ತು. ಲಾಂಚಿನ ಆಳು ಜಟ್ಟ ಒಬ್ಬೊಬ್ಬರ ಕೈ ಹಿಡಿದು ದಾಟಿಸುತ್ತಿದ್ದ. ಹೆಗಡೆಯವರು ಆ ಕೈಯನ್ನು ದೂರದಿಂದಲೇ ನಿವಾರಿಸಿದರು. ಪೂಜೆಗೆ ಹೊರಟವರು, ಜಟ್ಟನನ್ನು ಮುಟ್ಟಿದರೆ ಮತ್ತೆ ಸ್ನಾನವಾಗಬೇಕು. ಎರಡು ಹೆಜ್ಜೆ ಗಂಭೀರವಾಗಿ ಇಟ್ಟರು. ಮೂರನೆಯದರಲ್ಲಿ ಸ್ನಾನವೇ ಆಗಿಹೋಯಿತು. ಎದೆಮಟ್ಟ ನೀರಿನಲ್ಲಿ ಟೋಪಿ ಹುಡುಕುತ್ತಿದ್ದ ಅವರನ್ನು ಕೊನೆಗೆ ರಟ್ಟೆ ಹಿಡಿದು ದಡಕ್ಕೆ ಎತ್ತಿದವನೂ ಜಟ್ಟನೇ.

ಮೊದಲು ಹೆದರಿದ್ದ ವಸಂತಿ, ಗಂಡನಿಗೆ ಏನೂ ಆಗಿಲ್ಲವೆಂದು ಕಂಡ ಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಗಂಗಾ ಯಾವುದನ್ನೂ ಒತ್ತಿಕೊಳ್ಳಲಿಲ್ಲ, ಜೋರಾಗಿ ನಕ್ಕಳು. ಸುಕ್ರಿಗೆ ಮಾತ್ರ ನಿಜವಾದ ಚಿಂತೆ ಹತ್ತಿತ್ತು. ಇವತ್ತು ಹುಣ್ಣಿಮೆಯೂ ಅಲ್ಲ, ಅಮಾಸೆಯೂ ಅಲ್ಲ, ಒಡೆಯರು ಉಪ್ಪುನೀರಿಗೆ ಬಿದ್ದರಲ್ಲ, ಇದಕ್ಕೆ ಪರಿಹಾರ ಎಂತ ಎಂದು ಎಲ್ಲರೆದುರು ಕೇಳಿಬಿಟ್ಟಳು.

ಹೆಗಡೆಯವರು ಪಂಚೆ ಹಿಂಡುವುದನ್ನು ನಿಲ್ಲಿಸಿದರು. ಇಂಥ ಹೊತ್ತಿನಲ್ಲಿ ಅವರ ಬುದ್ಧಿ ಚುರುಕಾಗುತ್ತಿತ್ತು.

"ಇದು ಸಮುದ್ರ ಅಲ್ಲ, ಶರಾವತಿ," ಎಂದರು. ಪಡುವಣಕ್ಕೆ, ನದಿ ಕಡಲು ಸೇರುವ ಅಳಿವೆಯಲ್ಲಿ ತೆರೆ ಒಡೆಯುವ ಕಡೆಗೆ ಉದ್ದಕ್ಕೆ ಕೈ ಚಾಚಿದರು. "ಅಲ್ಲಿ ನೊರೆ ಕಾಣ್ತದಲ್ಲ, ಆ ನೊರೆಯವರೆಗೂ ಶರಾವತಿಯೇ. ನದಿಗೆ ದಿನ ನೋಡೂದು ಬೇಡ."

ತಮ್ಮ ಮೈಮೇಲಿನ ದೋಷ ಪೂರ್ತಿ ತೊಳೆದು ಹೋಗಲಿ ಎಂದು ನದಿಯನ್ನು ಅವರು ತುಸು ಧಾರಾಳವಾಗಿಯೇ ಎಳೆದಿದ್ದರು. ಲಾಂಚಿನಲ್ಲಿ ಉಳಿದವರೆಲ್ಲ ತಲೆಯಾಡಿಸಿದರು.

ವಸಂತಿ ಆ ನೊರೆಯನ್ನೇ ನೋಡುತ್ತ ನಿಂತಳು. ಆಮೇಲೆ ಜಟ್ಟನ ಕೈ ಹಿಡಿದು ಹಲಗೆ ದಾಟಿದಳು. ಜೊತೆಗೆ ತಂದಿದ್ದ ಬಟ್ಟೆಗಂಟನ್ನು ಗಂಡನ ಕಾಲ ಬಳಿ ಇಟ್ಟಳು.

"ಹಂಗಾದ್ರೆ ಆನೂ ಆ ನೊರೆವರೆಗೆ ಹೋಗಿ ಬತ್ತೆ," ಎಂದಳು.

ಹೆಗಡೆಯವರು ಈಗ ಅದು ಸಮುದ್ರ ಕಣೇ ಎನ್ನುವಂತಿರಲಿಲ್ಲ. ಹಾಗೆ ಅಂದರೆ ತಮ್ಮ ಒದ್ದೆ ಪಂಚೆಗೆ ಪ್ರಾಯಶ್ಚಿತ್ತ ಹೇಳಬೇಕಾಗುತ್ತಿತ್ತು. ಅಷ್ಟು ಹೊತ್ತಿಗೆ ಅವಳು ನೀರಿನಂಚಿನಲ್ಲೇ ಮರಳ ಮೇಲೆ ಬಹಳ ದೂರ ಹೋಗಿದ್ದಳು, ಗಂಗಾ ಹಿಂದೆ ಓಡುತ್ತಿದ್ದಳು.

ಮೊದಲ ತೆರೆ ಪಾದ ತೋಯಿಸಿತು, ಮುಂದಿನದು ಸೀರೆಯನ್ನು ಮೊಣಕಾಲಿಗೆ ಅಂಟಿಸಿತು. ವಸಂತಿ ಸೊಂಟದವರೆಗೆ ಹೋಗಿ ನಿಂತಳು. ಬೆಳಿಗ್ಗೆ ಕಡುಬಿನ ಹಬೆ ಹೊಡೆದು ಸುಟ್ಟಿದ್ದ ಮುಂಗೈಗೆ ಉಪ್ಪುನೀರು ತಾಗಿ ಚುರುಚುರು ಎಂದಿತು. ಖುಷಿಯಾಗುತ್ತದೆ ಎಂದುಕೊಂಡಿದ್ದಳು, ಆಯಿತು ಕೂಡ. ಆದರೆ ಅದರ ಜೊತೆಗೇ ಸಿಟ್ಟು ಬಂತು, ಗಂಡನಿಗಿಂತ ಹೆಚ್ಚಾಗಿ ತನ್ನ ಮೇಲೆಯೇ. ಇಷ್ಟೇ ಇತ್ತಲ್ಲ. ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ನಡೆದಿದ್ದರೆ ಯಾವತ್ತೋ ಆಗಿಹೋಗುತ್ತಿತ್ತು. ಎಂಟು ವರ್ಷ ಯಾರ ಅಪ್ಪಣೆಗೆ ಕಾದು ಕೂತಿದ್ದೆ ಎಂದು ನೆನೆದು ಅವಳಿಗೆ ಅಳು ಬಂತು. ಮುಖಕ್ಕೆ ಎರಡು ಬೊಗಸೆ ನೀರು ಹಾಕಿಕೊಂಡಳು.

ರಸ್ತೆಯಲ್ಲಿ ಮಂಕಿಯ ಬಸ್ಸು ಹಾರನ್ ಹೊಡೆಯಿತು. ಹೆಗಡೆಯವರು ಗಂಟು ಹೊತ್ತುಕೊಂಡೇ ಅರ್ಧ ದಾರಿ ಓಡಿಬಂದು, ಬಸ್ಸು ಹೊರಟಿತು, ಅಕ್ಕನ ಮನೆಯಲ್ಲಿ ಅಡಿಗೆಗೆ ತಡವಾಯಿತು ಎಂದು ಕೂಗಿದರು. ವಸಂತಿ ಮಗಳ ಕೈ ಹಿಡಿದು ಇನ್ನೊಂದು ತೆರೆಗೆ ಬೆನ್ನು ಕೊಟ್ಟಳು.

"ನಿಂಗ ಮುಂದೆ ಹೋಗಿ ಒಲೆ ಹೊತ್ಸಿ," ಎಂದಳು. "ಆನು ಆಮೇಲೆ ಬತ್ತೆ."